ತಂತಿ ಕಡಿದರೂ ಗುರುತು ಉಳಿಯಲಿ

ಮುಂಗಾರು ಜೋರಾದರೆ ಖಾನಾಪುರದ ಕಡೆಯ ಶಾಖಾ ಕಚೇರಿಗಳಲ್ಲಿ ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ’ ಎಂಬ ಮಾತು ಕೇಳಿಬರುತ್ತದೆ. ಎಷ್ಟೋ ಸಲ ಬೆಳಗಾವಿಯ ಮುಖ್ಯ ಕಚೇರಿಯಲ್ಲಿ ಸರ್ವರ್ ಚೆನ್ನಾಗಿಯೇ ಓಡುತ್ತಿರುತ್ತದೆ. ನಡುವಿನ ಸುಮಾರು 25 ಕಿ.ಮೀ. ಹಾದಿಯಲ್ಲಿ ಜೆಸಿಬಿ ಅಗೆದ ಕಡೆ ಫೈಬರ್ ತುಂಡಾಗಿರುತ್ತದೆ, ಇಲ್ಲವೇ ಕರೆಂಟು ಹೋಗಿ ರೂಟರ್ ಆರಿರುತ್ತದೆ. ಕೈಚೆಲ್ಲುವ ಮೊದಲು ನೋಡಬೇಕಾದ ಸಂಗತಿಗಳು ನಾಲ್ಕು. ಒಂದಾದ ಮೇಲೊಂದು ನೋಡುವ ಆ ಕ್ರಮದಲ್ಲೇ ಈ ವಿದ್ಯೆಯ ಸೊಗಸಿದೆ.

ಮೊದಲನೆಯದು, ತೊಂದರೆ ಒಂದೇ ಕಂಪ್ಯೂಟರಿನದೋ ಇಡೀ ಶಾಖೆಯದೋ ಎಂಬುದು. ಎರಡನೆಯದು ಲಿಂಕ್: ರೂಟರಿಗೆ ಪಿಂಗ್ ಹೋಗುತ್ತದೆಯೇ, ಅದರಾಚೆ ಸರ್ವರಿನ ಐಪಿ ವಿಳಾಸಕ್ಕೆ ಹೋಗುತ್ತದೆಯೇ? ಮೂರನೆಯದು ಡಿಎನ್‌ಎಸ್. ಐಪಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ದೋಷ ಅಲ್ಲೇ ಇದೆ. ನೆಟ್ ಸ್ಪೀಡ್ ಬರಲೆಂದು ಯಾರೋ 8.8.8.8 ಹಾಕಿಟ್ಟರೆ ಯೂಟ್ಯೂಬ್ ಓಡುತ್ತದೆ, ಲಾಗಿನ್ ಆಗುವುದಿಲ್ಲ. ಕಚೇರಿಯ ಒಳಗಿನ ಡೊಮೇನ್ ಹೊರಗಿನ ಡಿಎನ್‌ಎಸ್‌ಗೆ ಗೊತ್ತೇ ಇರುವುದಿಲ್ಲ.

ನಾಲ್ಕನೆಯದು ಗಡಿಯಾರ. ಡೊಮೇನ್ ಲಾಗಿನ್ ನಡೆಯುವ ಕರ್ಬರಾಸ್ ಪದ್ಧತಿ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ಅಂತರವನ್ನು ಒಪ್ಪುವುದಿಲ್ಲ. ಮದರ್‌ಬೋರ್ಡಿನ ಸಣ್ಣ ದುಂಡು ಸೆಲ್ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗ ಹಳೆಯ ಕಂಪ್ಯೂಟರು ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತದೆ. ಪರದೆಯ ಸಮಯವನ್ನು ಮೊಬೈಲಿನ ಸಮಯದೊಂದಿಗೆ ತಾಳೆ ನೋಡಿದರೆ ಸಾಕು, ಗುಟ್ಟು ಬಯಲಾಗುತ್ತದೆ.

ಲಿಂಕ್ ನಿಜಕ್ಕೂ ಕಡಿದಿದ್ದರೂ ಕೆಲಸ ಪೂರ್ತಿ ನಿಲ್ಲಬೇಕಿಲ್ಲ. ಹಿಂದೆ ಲಾಗಿನ್ ಆದ 10 ಮಂದಿಯ ಗುರುತನ್ನು ವಿಂಡೋಸ್ ತನ್ನಲ್ಲೇ ಉಳಿಸಿಕೊಂಡಿರುತ್ತದೆ, 50ರವರೆಗೂ ಹೆಚ್ಚಿಸಬಹುದು. ಹೀಗಾಗಿ ಅದೇ ಕೌಂಟರಿನಲ್ಲಿ ನಿತ್ಯ ಕೂರುವ ಗುಮಾಸ್ತರಿಗೆ ಕಂಪ್ಯೂಟರ್ ತೆರೆದುಕೊಳ್ಳುತ್ತದೆ. ನಿನ್ನೆ ಬೈಲಹೊಂಗಲದಿಂದ ವರ್ಗವಾಗಿ ಬಂದವರಿಗೆ ತೆರೆಯುವುದಿಲ್ಲ. ಮುಖ್ಯ ಕಚೇರಿಯವರು ಬೆಳಿಗ್ಗೆ ಪಾಸ್‌ವರ್ಡ್ ಬದಲಿಸಿದ್ದರೂ ಈ ಕಂಪ್ಯೂಟರ್ ಒಪ್ಪುವುದು ಹಳೆಯದನ್ನೇ.

ಇಂಥ ಹೊತ್ತಿನಲ್ಲಿ ಕಂಪ್ಯೂಟರನ್ನು ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸಲು ಮಾತ್ರ ಹೋಗಬಾರದು. ಸೇರಿಸಿಕೊಳ್ಳಬೇಕಾದ ಸರ್ವರೇ ಸಿಗುತ್ತಿಲ್ಲವಲ್ಲ! ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಕೈಯಲ್ಲಿಲ್ಲದಿದ್ದರೆ, ಇದ್ದ ದಾರಿಯೂ ಮುಚ್ಚಿಹೋಗುತ್ತದೆ.

ಭೂಮಿ ಯೋಜನೆಯ ಮೊದಲ ವರ್ಷಗಳಲ್ಲಿ ತಾಲ್ಲೂಕು ಕಚೇರಿಯಲ್ಲೇ ಸರ್ವರ್ ಇತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟು ಲಾಗಿನ್ ಆಗಿ ರೈತರಿಗೆ ಉತಾರ ಕೊಡುತ್ತಿದ್ದರು. ದತ್ತಾಂಶವೆಲ್ಲ ಬೆಂಗಳೂರಿನಲ್ಲಿ ಒಂದೆಡೆ ಸೇರಿದ ಮೇಲೆ ನಿರ್ವಹಣೆ ಸುಲಭವಾಯಿತು, ಜೊತೆಗೆ ಲಿಂಕಿನ ಮೇಲಿನ ಅವಲಂಬನೆಯೂ ಹೆಚ್ಚಿತು. ಇದು ಸಣ್ಣ ಊರುಗಳ ಕಷ್ಟ ಮಾತ್ರವೆನ್ನುವಂತಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು 6 ಗಂಟೆ ನಿಂತುಹೋದಾಗ, ದುರಸ್ತಿಗೆ ಬೇಕಾದ ಅದರ ಒಳಗಿನ ಸಾಧನಗಳೂ ಕೈಕೊಟ್ಟಿದ್ದವು.

ಲಿಂಕಿನ ಮೇಲಿನ ಈ ಅವಲಂಬನೆಗೆ ಮದ್ದು ಶಾಖೆಯಲ್ಲೇ ಒಂದು ಓದು-ಮಾತ್ರದ ಡೊಮೇನ್ ಕಂಟ್ರೋಲರ್ ಇಡುವುದು. ವಿಂಡೋಸ್ ಸರ್ವರ್ 2008ರಿಂದ ಈ ಸೌಲಭ್ಯವಿದೆ. ಆರಿಸಿದ ಖಾತೆಗಳ ಪಾಸ್‌ವರ್ಡ್ ಮಾತ್ರ ಅದರಲ್ಲಿರುವುದರಿಂದ ಪೆಟ್ಟಿಗೆ ಕಳುವಾದರೂ ಇಡೀ ಸಂಸ್ಥೆಗೆ ಅಪಾಯವಿಲ್ಲ. ಆದರೆ ಅದನ್ನು ತಂದು ಕೂರಿಸಿದ ಮಾತ್ರಕ್ಕೆ ಆಗುವುದಿಲ್ಲ. ಶಾಖೆಯ ಸಿಬ್ಬಂದಿಯ ಖಾತೆಗಳನ್ನೂ ಅಲ್ಲಿನ ಕಂಪ್ಯೂಟರುಗಳ ಖಾತೆಗಳನ್ನೂ ಮೊದಲೇ ತುಂಬಿಸಿಡಬೇಕು. ಇಲ್ಲದಿದ್ದರೆ ಪ್ರತಿ ಲಾಗಿನ್ನಿಗೂ ಅದು ಬೆಳಗಾವಿಯನ್ನೇ ಕೇಳುತ್ತದೆ.

ಶಾಖೆಗಳನ್ನು ನೋಡಿಕೊಳ್ಳುವವರಲ್ಲಿ ನನ್ನದೊಂದು ವಿನಂತಿ. ಮೇ ತಿಂಗಳ ಒಂದು ಸಂಜೆ, ಗ್ರಾಹಕರು ಹೋದ ಮೇಲೆ, ರೂಟರಿನ ಹೊರಲಿಂಕ್ ಕಿತ್ತು ಪ್ರತಿಯೊಬ್ಬ ಸಿಬ್ಬಂದಿಯೂ ಲಾಗಿನ್ ಆಗಿ ನೋಡಲಿ. ಈ ಪರೀಕ್ಷೆ ಪಾಸಾಗದ ಶಾಖೆ ಮಳೆಗಾಲಕ್ಕೆ ತಯಾರಾಗಿಲ್ಲ ಎಂದೇ ತಿಳಿಯಿರಿ.