ಅಚ್ಚಿನ ಹಿಂದಿನ ಭಾರ

ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿನ ಹಿಂಭಾಗವನ್ನು ಕತ್ತರಿಸಿ, ಅಲ್ಲಿ ಸರಕು ಹೇರುವ ತೆರೆದ ತೊಟ್ಟಿಯನ್ನು ಕೂರಿಸಿ ಪಿಕಪ್ ಮಾಡುವ ಕಸುಬಿನಲ್ಲಿ ಕಣ್ಣು ಮೊದಲು ಬಣ್ಣದ ಹೊಳಪಿನತ್ತ ಹೋಗುತ್ತದೆಯಾದರೂ, ಕೆಲಸದ ಹದ ತಿಳಿಯುವುದು ಹಿಂದಿನ ಅಚ್ಚನ್ನೂ ಅದರ ಮೇಲೆ ಬೀಳುವ ಭಾರವನ್ನೂ ನೋಡಿದಾಗಲೇ. ದೇವದುರ್ಗ, ಮಾನ್ವಿ ಕಡೆಯಲ್ಲಿ ಎತ್ತಿನ ಬಂಡಿಗೆ ಹತ್ತಿ ಹೇರಿದವರಿಗೆ ಇದು ಹೊಸ ಮಾತಲ್ಲ: ಭಾರ ಅಚ್ಚಿನ ಹಿಂದಕ್ಕೆ ಸರಿದರೆ ನೊಗ ಮೇಲೆದ್ದು ಎತ್ತುಗಳ ಕೊರಳಪಟ್ಟಿ ಬಿಗಿಯುತ್ತದೆ, ತೀರಾ ಮುಂದಕ್ಕೆ ಬಂದರೆ ನೊಗ ಹೆಗಲನ್ನು ಅದುಮುತ್ತದೆ.

ಆಸ್ಟ್ರೇಲಿಯದ ರೈತ ಮಹಿಳೆಯೊಬ್ಬರು ಭಾನುವಾರ ಚರ್ಚಿಗೂ ಸೋಮವಾರ ಹಂದಿಗಳನ್ನು ಸಂತೆಗೂ ಒಯ್ಯಬಲ್ಲ ಒಂದೇ ವಾಹನ ಬೇಕೆಂದು ಫೋರ್ಡ್ ಕಂಪನಿಗೆ ಪತ್ರ ಬರೆದರೆಂದೂ, ಅದರ ಫಲವಾಗಿ ಲೂ ಬ್ಯಾಂಟ್ ಎಂಬ ಯುವ ವಿನ್ಯಾಸಕಾರ ರೂಪಿಸಿದ, ಮುಂದೆ ಕಾರು ಹಿಂದೆ ತೊಟ್ಟಿ ಇರುವ ವಾಹನ 1934ರಲ್ಲಿ ಜೀಲಾಂಗ್ ಕಾರ್ಖಾನೆಯಿಂದ ಹೊರಬಂದಿತೆಂದೂ ಪ್ರಸಿದ್ಧಿಯಿದೆ. ಅಮೆರಿಕದಲ್ಲಿ 1957ರ ಫೋರ್ಡ್ ರಾಂಚೆರೊ, 1959ರ ಶೆವರ್ಲೆ ಎಲ್ ಕಮಿನೊ ಅದೇ ಜಾಡಿನವು. ಇವೆಲ್ಲ ಕಾರ್ಖಾನೆಯಲ್ಲೇ ಭಾರ ಹೊರಲೆಂದು ಹುಟ್ಟಿದವು. ಓಡಲೆಂದೇ ಹುಟ್ಟಿದ ಕಾರನ್ನು ಹೊರಲು ಹಚ್ಚುವುದು ಬೇರೆಯೇ ಕಷ್ಟ.

ಅಂಥ ಬಹುತೇಕ ಕಾರುಗಳಿಗೆ ಪ್ರತ್ಯೇಕ ಚಾಸಿ ಇರುವುದಿಲ್ಲ. ಛಾವಣಿ, ಕಂಬ, ನೆಲದ ತಗಡು ಕೂಡಿ ಒಂದೇ ಒಡಲಾಗಿ ಬಲ ತಾಳುವ ಈ ರಚನೆಗೆ ಮಾನೊಕಾಕ್ ಎನ್ನುತ್ತಾರೆ. ಹಿಂದಿನ ಛಾವಣಿ ಹೋದರೆ ಆ ಒಡಲು ತಿರುಚಿಕೊಳ್ಳುವುದರಿಂದ, ಒಳ್ಳೆಯ ಕಸುಬುದಾರ ಕತ್ತರಿಸುವ ಮೊದಲೇ ನೆಲದಡಿ ಉಕ್ಕಿನ ಚೌಕಟ್ಟನ್ನು ಬೆಸೆಯುತ್ತಾನೆ. ಅದನ್ನು ಪರೀಕ್ಷಿಸಲು ಒಂದು ಗಾಲಿಯನ್ನು ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸಿದರೆ ಸಾಕು: ಬಾಗಿಲಿನ ಅಂಚಿನ ಸಂದು ಮೇಲೂ ಕೆಳಗೂ ಸಮನಾಗಿ ಉಳಿದು, ಬಾಗಿಲು ಎಂದಿನಂತೆ ತೆರೆದರೆ ಕೆಲಸ ಗಟ್ಟಿ. ಚಾಲಕನ ಬೆನ್ನ ಹಿಂದೆಯೇ ಎಂಜಿನ್ ಇರುವ ಕಾರುಗಳಿಗಂತೂ ಕೈಹಾಕದಿರುವುದೇ ಲೇಸು.

ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲವಾದ್ದರಿಂದ, ಇಂಥ ಕಾರು ರಾಯಚೂರಿನ ರಸ್ತೆಗೆ ಇಳಿಯುವಂತಿಲ್ಲ. ಈ ಸೀಮೆಯಲ್ಲಿ ಮಾರ್ಪಾಡು ನಡೆಯುವುದೇ ತಿರುವುಮುರುವಾಗಿ: ಸರಕಿನ ಮೂರು ಗಾಲಿಯ ಟಂಟಂ ಹತ್ತಿ ಬಿಡಿಸುವ ಕಾಲಕ್ಕೆ ಜನರ ಗಾಡಿಯಾಗುತ್ತದೆ. ಒಳಗೆ ಜಾಗ ಸಾಲದೆ ಹೆಣ್ಣುಮಕ್ಕಳು ಹಿಂಬದಿಯ ಅಂಚಿಗೆ ಕಾಲು ಇಳಿಬಿಟ್ಟು ಕುಳಿತಾಗ ಭಾರ ಅಚ್ಚನ್ನು ದಾಟಿ ಹಿಂದಕ್ಕೆ ಬೀಳುತ್ತದೆ, ಮುಂದಿನ ಒಂಟಿ ಗಾಲಿ ಹಗುರಾಗುತ್ತದೆ, ತಿರುವಿನಲ್ಲಿ ಚಾಲಕ ಹ್ಯಾಂಡಲ್ ಎಷ್ಟು ಹೊರಳಿಸಿದರೂ ಆ ಗಾಲಿಗೆ ನೆಲದ ಹಿಡಿತ ಸಾಲುವುದಿಲ್ಲ.