ಮೂಲಾರ್ಥದ ಮೇಲಿನ ಮೋಹ

ಇಂಗ್ಲಿಷಿನ ‘ಡೋಟ್’ ಕ್ರಿಯಾಪದದ ಬಗ್ಗೆ ತಿಳಿದವರೂ ಆಡುವ ಮಾತೊಂದಿದೆ. ಮೊಮ್ಮಗನನ್ನು ತಲೆಯ ಮೇಲೆ ಕೂರಿಸಿಕೊಳ್ಳುವ ಅಜ್ಜಿಯ ಅಕ್ಕರೆಗೆ ಈ ಪದ ಬಳಕೆಯಾಗುತ್ತದೆ ನಿಜ, ಆದರೆ ಅದರ ‘ನಿಜವಾದ’ ಅರ್ಥ ಬುದ್ಧಿಗೆಡುವುದು; ಹಾಗಾಗಿ ಅತಿಪ್ರೀತಿಯೂ ಒಂದು ಬಗೆಯ ಅರಳುಮರಳೇ ಎನ್ನುತ್ತಾರೆ. ಈ ವಾದದಲ್ಲಿ ಚರಿತ್ರೆ ಸರಿ, ತೀರ್ಪು ತಪ್ಪು.

ನಡುಗಾಲದ ಇಂಗ್ಲಿಷಿನಲ್ಲಿ ‘ಡೋಟೆನ್’ ಎಂದರೆ ಪೆದ್ದುಪೆದ್ದಾಗಿ ಆಡು, ಮತಿಗೆಡು. ಮುಪ್ಪಿನ ಮರುಳಿಗೆ ಹೇಳುವ ‘ಡೋಟೇಜ್’ ಹುಟ್ಟಿದ್ದು ಅದರಿಂದಲೇ. ಒಬ್ಬರನ್ನು ಮಿತಿಮೀರಿ ಹಚ್ಚಿಕೊಳ್ಳುವ ಅರ್ಥ ಬಂದದ್ದು 15ನೇ ಶತಮಾನದಲ್ಲಿ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಎರಡೂ ಸಿಗುತ್ತವೆ. ಯೆರೆಮೀಯನ ಗ್ರಂಥದಲ್ಲಿ ಕ್ರಿಯಾಪದ ಒಂಟಿಯಾಗಿದೆ, ಅಲ್ಲಿ ಸುಳ್ಳುಗಾರರು ಮೂರ್ಖರಾಗುತ್ತಾರೆ. ಯೆಹೆಜ್ಕೇಲನ ಗ್ರಂಥದಲ್ಲಿ ಜೊತೆಗೆ ‘ಆನ್’ ಬಂದಿದೆ, ಅಲ್ಲಿ ಹೆಣ್ಣೊಬ್ಬಳು ಪ್ರಿಯಕರರಿಗೆ ಮನಸೋಲುತ್ತಾಳೆ. ಅರ್ಥ ಹೊರಳಿದ್ದು ಈ ಪುಟ್ಟ ‘ಆನ್’ನಲ್ಲಿ.

ಪದದ ಬೇರೇ ಅದರ ಅರ್ಥವನ್ನು ನಿರ್ಧರಿಸುವುದಾದರೆ ದಾಯಾದಿ ಪದಗಳನ್ನೂ ಕೇಳಬೇಕಲ್ಲ? ಡಚ್ಚರಲ್ಲಿ ಇದರ ಬಂಧು ‘ದುತ್ತೆನ್’ ಎಂದರೆ ತೂಕಡಿಸು. ಫ್ರೆಂಚಿನ ‘ರದೊತೆ’ ಎಂದರೆ ಹೇಳಿದ್ದನ್ನೇ ಹೇಳುತ್ತ ಹರಟು. ಒಂದೇ ಬೇರು ಒಂದು ಕಡೆ ನಿದ್ದೆಯಾಯಿತು, ಇನ್ನೊಂದು ಕಡೆ ಹರಟೆಯಾಯಿತು, ಮತ್ತೊಂದು ಕಡೆ ಅಕ್ಕರೆಯಾಯಿತು.

ಕನ್ನಡಿಗರಿಗಂತೂ ಇದು ಹೊಸದಲ್ಲ. ಮೂಢ, ಮುಗ್ಧ, ಮೋಹ ಈ ಮೂರೂ ಸಂಸ್ಕೃತದ ‘ಮುಹ್’ ಧಾತುವಿನಿಂದ ಬಂದವು. ದಿಕ್ಕುಗೆಡುವುದು, ಮಂಕಾಗುವುದು ಅದರ ಅರ್ಥ. ಹಾಗೆಂದು ಮುಗ್ಧ ಮಗುವನ್ನು ಮೂಢ ಎನ್ನುವವರುಂಟೆ? ನಮ್ಮ ‘ಮರುಳು’ ಹಳಗನ್ನಡದಲ್ಲಿ ಪಿಶಾಚಿಯೂ ಹೌದು, ಹುಚ್ಚೂ ಹೌದು. ಗಾಯಕಿಯ ದನಿಗೆ ಮರುಳಾದೆ ಎನ್ನುವಾಗ ಯಾರಿಗೂ ಪಿಶಾಚಿ ನೆನಪಾಗುವುದಿಲ್ಲ.

ಎದುರುವಾದಿಗಳು ಷೇಕ್ಸ್‌ಪಿಯರನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ತೋರಿಸುತ್ತಾರೆ: ಕಣ್ಣಿಗೆ ಮೋಹ ಹುಟ್ಟಿಸುವ ಹೂವಿನ ರಸ ಬಿದ್ದ ಟೈಟಾನಿಯಾ ಕತ್ತೆತಲೆಯವನನ್ನು ‘ಡೋಟ್’ ಮಾಡುತ್ತಾಳೆ. ಅದು ಹುಚ್ಚೇ, ಒಪ್ಪೋಣ. ಆದರೆ ಅದೇ ನಾಟಕದಲ್ಲಿ ಹೆಲೆನಾ ಡಿಮಿಟ್ರಿಯಸನನ್ನು ಪ್ರೀತಿಸುವುದಕ್ಕೂ ಅದೇ ಕ್ರಿಯಾಪದವಿದೆ. ಅವಳ ಕಣ್ಣಿಗೆ ಯಾವ ರಸವೂ ಬಿದ್ದಿಲ್ಲ. ಅವನ ತಿರಸ್ಕಾರವನ್ನೆಲ್ಲ ನುಂಗಿ ಕೊನೆಗೆ ಅವನನ್ನೇ ಮದುವೆಯಾಗುತ್ತಾಳೆ. ಅವಳದು ಮತಿಗೇಡಿತನವಲ್ಲ, ಹಟ.

ಇಂದು ಇಂಗ್ಲಿಷ್ ಪತ್ರಿಕೆಗಳ ನಿಧನವಾರ್ತೆಗಳಲ್ಲಿ ‘ಡೋಟಿಂಗ್ ಗ್ರ್ಯಾಂಡ್‌ಫಾದರ್’ ಎಂಬ ಮಾತು ಮತ್ತೆ ಮತ್ತೆ ಕಾಣುತ್ತದೆ. ತೀರಿಕೊಂಡವರ ಮಕ್ಕಳೇ ಅದನ್ನು ಬರೆಸುತ್ತಾರೆ, ತಮ್ಮ ತಂದೆಗೆ ಬುದ್ಧಿ ಕೆಟ್ಟಿತ್ತು ಎಂದು ಸಾರುವುದಕ್ಕಲ್ಲ.