ಇಮೊಜೆನ್: ಪಾಠದೋಷವೂ ನಾಮನಿರುಕ್ತವೂ

ಇಂಗ್ಲಿಷಿನ ಸ್ತ್ರೀನಾಮವಾದ 'ಇಮೊಜೆನ್'ಗೆ ನಾಮಕೋಶಗಳು ಸಾಮಾನ್ಯವಾಗಿ 'ಕನ್ಯೆ' ಎಂಬ ಅರ್ಥವನ್ನೂ ಗೇಲಿಕ್ ಮೂಲವನ್ನೂ ಹೇಳುತ್ತವೆ. ಈ ನಿರುಕ್ತವು ಪಾಠಪರಿಶೀಲನೆಯ ಮುಂದೆ ದುರ್ಬಲವಾಗುತ್ತದೆ.

ಹೆಸರಿಗೆ ಪ್ರಚಾರ ದೊರೆತದ್ದು 1623ರ ಮೊದಲ ಫೋಲಿಯೊದಲ್ಲಿ ಅಚ್ಚಾದ ಷೇಕ್ಸ್‌ಪಿಯರನ 'ಸಿಂಬಲೀನ್' ನಾಟಕದಿಂದ. ಆದರೆ ಆ ನಾಟಕವನ್ನು ಕಂಡು ಟಿಪ್ಪಣಿ ಬರೆದಿಟ್ಟ, 1611ರಲ್ಲಿ ತೀರಿಕೊಂಡ ಸೈಮನ್ ಫೋರ್ಮನ್ ನಾಯಕಿಯನ್ನು 'ಇನ್ನೊಜೆನ್' ಎನ್ನುತ್ತಾನೆ. 'ಮಚ್ ಅಡೂ ಅಬೌಟ್ ನಥಿಂಗ್'ನ 1600ರ ಕ್ವಾರ್ಟೊದ ರಂಗಸೂಚನೆಯಲ್ಲಿ ಲಿಯೊನಾಟೊನ ಹೆಂಡತಿಯೂ ಇನ್ನೊಜೆನ್. 'ಸಿಂಬಲೀನ್' ನಾಯಕಿಯ ಪತಿಯೂ ಲಿಯೊನಾಟಸ್. ಅಂದಿನ ಕೈಬರಹದಲ್ಲಿ ಎರಡು 'ಎನ್' ಎಂದರೆ ನಾಲ್ಕು ಕಿರುಗೆರೆ, ಒಂದು 'ಎಮ್' ಎಂದರೆ ಮೂರು. ಎಣಿಕೆ ತಪ್ಪುವುದು ಸುಲಭ. 1986ರ ಆಕ್ಸ್‌ಫರ್ಡ್ ಆವೃತ್ತಿ 'ಇನ್ನೊಜೆನ್' ರೂಪವನ್ನೇ ಸ್ವೀಕರಿಸಿತು. ಫೋಲಿಯೊದ ಉದ್ದಕ್ಕೂ 'ಇಮೊಜೆನ್' ಎಂದೇ ಇದೆಯೆಂಬ ಆಕ್ಷೇಪ ಉಚಿತವೇ; ಆದರೆ ಏಕರೂಪತೆಯು ಒಬ್ಬ ಪ್ರತಿಕಾರನ ಸ್ಥಿರವಾದ ತಪ್ಪೋದಿನ ಫಲವೂ ಆಗಿರಬಹುದು.

ಗೇಲಿಕ್ ಮೂಲವು 'ಇನ್ನೊಜೆನ್'ಗಾದರೂ ಸಲ್ಲುವುದೆ? ಹಾಲಿನ್‌ಷೆಡ್‌ನ ಚರಿತ್ರೆಯಲ್ಲಿ ಇನ್ನೊಜೆನ್ ಬ್ರೂಟಸನ ಪತ್ನಿ. 12ನೆಯ ಶತಮಾನದ ಜೆಫ್ರಿ ಆಫ್ ಮನ್ಮತ್‌ನಲ್ಲಿ ಅವಳ ಹೆಸರು 'ಇಗ್ನೊಗೆ'. ಅವಳು ಗ್ರೀಕ್ ದೊರೆ ಪಂಡ್ರಾಸಸನ ಮಗಳು. ಈ ಪರಂಪರೆಯಲ್ಲಿ ಗೇಲಿಕ್ಕಿನ ಸುಳಿವಿಲ್ಲ. ಉಳಿಯುವುದು ಧ್ವನಿಸಾದೃಶ್ಯ ಮಾತ್ರ.

ಕನ್ನಡ ವ್ಯಾಕರಣವು ಅಂಕಿತನಾಮವನ್ನು ಅನ್ವರ್ಥನಾಮದಿಂದ ಬೇರ್ಪಡಿಸುತ್ತದೆ. ನಾಮಕೋಶಗಳು ಮರೆಯುವುದು ಈ ಭೇದವನ್ನೇ. ಇಮೊಜೆನ್ ಇಂದು ನಿಜವಾದ ಹೆಸರು, ಅದಕ್ಕೆ ಚರಿತ್ರೆಯಿದೆ. ಅರ್ಥವೂ ಇರಲೇಬೇಕೆಂಬ ಹಟ ನಿರುಕ್ತವಲ್ಲ.